ಬೆನ್ನ ಹಿಂದಿನ ಎಣಿಕೆ

ಮದುವೆಯಾದ ಹೊಸತರಲ್ಲಿ ನನ್ನ ಮಾವ ವೆಂಕಟರಮಣಪ್ಪನವರ ಜೊತೆ ದಾರಿಯಲ್ಲಿ ನಡೆಯುವುದೆಂದರೆ ನನಗೆ ಮಹಾ ಕಿರಿಕಿರಿ. ಮಾತಾಡುವುದಿಲ್ಲ. ಕೇಳಿದ್ದಕ್ಕೆ ಹೂಂ ಇಲ್ಲ, ಉಹೂಂ ಇಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ತಲೆ ತಗ್ಗಿಸಿ, ಒಂದೇ ಲಯದಲ್ಲಿ ಹೆಜ್ಜೆ ಹಾಕುತ್ತಾ ಹೋಗುವುದು. ಹಿಂದೆ ನಡೆಯುತ್ತಿದ್ದ ನನಗೆ ಒಂದು ಮಾತ್ರ ಕಾಣುತ್ತಿತ್ತು. ಬಲಗೈಯ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಒಂದೊಂದಾಗಿ ಸರಿಯುತ್ತಿರುತ್ತಿತ್ತು. ಏನೋ ಜಪ ಮಾಡುತ್ತಾರೆ, ಪಾಪ, ದೈವಭಕ್ತರು ಅಂದುಕೊಂಡಿದ್ದೆ. ಅತ್ತೆ ರಾಮಕ್ಕನಿಗೆ ಹೇಳಿದರೆ ಅವರು ಸೆರಗು ಬಾಯಿಗಿಟ್ಟುಕೊಂಡು ನಕ್ಕುಬಿಟ್ಟರು.

"ಜಪಾನೂ ಇಲ್ಲ ಗಿಪಾನೂ ಇಲ್ಲ ಕಣಮ್ಮ. ಚೈನು ಎಣಿಸ್ತಾವ್ರೆ. ನನ್ನ ನೋಡಕ್ಕೆ ಬಂದಾಗ್ಲೂ ಅಂಗೇ, ನಮ್ಮಪ್ಪನ ಮನೆಗೆ ಬಸ್‌ಸ್ಟಾಪಿಂದ ಎಷ್ಟು ಚೈನು ಅಂತ ಎಣಿಸ್ಕೊಂಡೇ ಬಂದಿದ್ರು."

ಮಾವ ಸರ್ವೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಚೈನು ಎಳೆದವರು. ಜಮೀನು ಅಳೆಯುವಾಗ ಸರ್ವೇಯರು ನಕ್ಷೆ ಹಿಡಿದು ನೆರಳಿನಲ್ಲಿ ನಿಂತಿರುತ್ತಾರೆ. ಕಬ್ಬಿಣದ ಸರಪಳಿಯ ತುದಿ ಹಿಡಿದು ಮುಳ್ಳು, ಕೆಸರು, ಹಾವು ಎನ್ನದೆ ಮುಂದೆ ಹೋಗುವವನು ಚೈನ್‌ಮನ್. ಒಂದು ಚೈನು ಅಂದರೆ ಮೂವತ್ತಮೂರು ಅಡಿ. ರೂಪಾಯಿಗೆ ಇದ್ದ ಹಾಗೆ ಅದಕ್ಕೂ ಹದಿನಾರು ಆಣೆ. ಒಂದು ಚೈನು ಉದ್ದ, ಒಂದು ಚೈನು ಅಗಲ ಇದ್ದರೆ ಒಂದು ಗುಂಟೆ. ನಮ್ಮೂರು ಪಟ್ಟಂದೂರು ಅಗ್ರಹಾರದಲ್ಲಿ ಇವತ್ತು ಗಾಜಿನ ಕಟ್ಟಡಗಳು ನಿಂತಿರುವ ಜಾಗವನ್ನು, ಅಲ್ಲಿ ರಾಗಿ ಹೊಲ ಇದ್ದಾಗ, ನನ್ನ ಮಾವ ಕಾಲಲ್ಲಿ ತುಳಿದು ಅಳೆದಿದ್ದಾರೆ. ಆ ಟೆಕ್ ಪಾರ್ಕಿನ ಗೋಡೆಯ ಮೂಲೆಯಲ್ಲಿ ಒಂದು ಸರ್ವೆ ಕಲ್ಲು ಈಗಲೂ ಇದೆ. ನೆಟ್ಟವರು ಇವರೇ.

ಸರಪಳಿ ತರಿಸುವಷ್ಟು ತಾಳ್ಮೆಯಿಲ್ಲದ ಜಗಳಗಳಿಗೆ ಊರಿನವರಿಗೆ ಇವರ ಹೆಜ್ಜೆಯೇ ಸಾಕಾಗಿತ್ತಂತೆ. ಅಣ್ಣತಮ್ಮಂದಿರು ಬದುವಿನ ಮೇಲೆ ನಿಂತು ತೋಳೇರಿಸುವ ಹೊತ್ತಿಗೆ ಯಾರಾದರೂ ಓಡಿಹೋಗಿ ಚೈನು ವೆಂಕಟ್ರಮಣಪ್ಪನನ್ನು ಕರೆತರುತ್ತಿದ್ದರು. ಇವರು ಈ ತುದಿಯಿಂದ ಆ ತುದಿಗೆ ನಡೆದು ಒಂದು ಅಂಕಿ ಹೇಳಿದರೆ ಮುಗಿಯಿತು. ಎಣಿಕೆ ಮಾತ್ರ ಯಾರಿಗೂ ಕಾಣಬಾರದು. ಕಂಡರೆ ಅರ್ಧ ದಾರಿಯಲ್ಲೇ ಯಾರೋ ಒಬ್ಬ "ಸಾಕು, ನಿಲ್ಲಿಸಪ್ಪ" ಎಂದು ತಕರಾರು ತೆಗೆಯುತ್ತಾನೆ. ಹಾಗಾಗಿ ಕೈ ಬೆನ್ನ ಹಿಂದೆ. ಹದಿಮೂರು ಹೆಜ್ಜೆಗೆ ಒಂದು ಚೈನು, ಒಂದು ಚೈನಿಗೆ ಒಂದು ಗೆಣ್ಣು. ಕೆಲಸ ಬಿಟ್ಟು ವರ್ಷಗಳಾದರೂ ಕೈ ಮುಂದೆ ಬರಲಿಲ್ಲ.

ನಮ್ಮ ಮನೆಯ ಕಾಂಪೌಂಡ್ ಗೋಡೆಯ ಬುಡದಲ್ಲಿ ಎರಡು ಮೊಳೆಗಳಿವೆ. ನಡುವೆ ಸರಿಯಾಗಿ ಮೂವತ್ತಮೂರು ಅಡಿ. ಪ್ರತಿ ಯುಗಾದಿಯಂದು ಎಣ್ಣೆ ಸ್ನಾನ ಮುಗಿಸಿ, ಹೊಸ ಪಂಚೆ ಉಟ್ಟು, ಬೇವುಬೆಲ್ಲ ತಿನ್ನುವ ಮೊದಲೇ ಮಾವ ಆ ಮೊಳೆಯಿಂದ ಈ ಮೊಳೆಗೆ ನಡೆಯುತ್ತಿದ್ದರು. ಈ ವರ್ಷ ತನ್ನ ಹೆಜ್ಜೆ ಎಷ್ಟು ಎಂದು ನೋಡಿಕೊಳ್ಳುವುದು. ನಾನು ಈ ಮನೆಗೆ ಬಂದ ಮೊದಲ ಯುಗಾದಿಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

"ಎಳೆದೂ ಎಳೆದೂ ಚೈನು ಉದ್ದ ಆಗ್ಬುಡ್ತದಮ್ಮ," ಅಂದರು ಮಾವ. "ಅದಕ್ಕೆ ನಮ್ಮ ಆಫೀಸಿನ ಜಗಲಿಯಾಗೆ ಎರಡು ಗುರುತು ಇತ್ತು. ದಿನಾ ಬೆಳಗ್ಗೆ ಅಲ್ಲಿ ಹಾಸಿ ನೋಡಿ ಆಮೇಲೇ ಹೊರಡೋದು. ಮನುಷ್ಯನ ಕಾಲೂ ಅಂಗೇ ಅಲ್ವಾ? ನೋಡ್ಕೋತಾ ಇರ್ಬೇಕು."

ನನಗೆ ಅವತ್ತು ಆದ ಖುಷಿಯನ್ನು ಹೇಳಲೇಬೇಕು. ನಾನು ಹೂಡಿ ಕಡೆಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವಳು. ಗೇರಿಗೆ ಹೋಗುವ ಶಾಫ್ಟುಗಳನ್ನು ಅಳೆದು ಪಾಸು ಮಾಡುವುದು, ಇಲ್ಲವೇ ತಿರಸ್ಕರಿಸಿ ಕೆಂಪು ಟ್ರೇಗೆ ಹಾಕುವುದು. ದಿನಾ ಬೆಳಗ್ಗೆ ನಾನು ಅಳೆಯುವ ಗೇಜನ್ನು ಮೊದಲು ಮಾಸ್ಟರ್ ಪೀಸಿಗೆ ಹಿಡಿದು ನೋಡಬೇಕು. ಆ ತುಂಡಿನ ಅಳತೆ ಮೊದಲೇ ಗೊತ್ತು. ಗೇಜು ಅದೇ ಅಳತೆ ತೋರಿಸಿದರೆ ಮಾತ್ರ ಕೆಲಸ ಶುರು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ನಾನಿದನ್ನು ತಪ್ಪಿಸಿಲ್ಲ. ಹೊಸದಾಗಿ ಸೇರಿದವರು ತಪ್ಪಿಸಿದರೆ ಎಲ್ಲರೆದುರು ಬಯ್ದು ಅಳಿಸಿದ್ದೂ ಇದೆ. ಮಾವನಿಗೂ ನನಗೂ ಸರಿಹೋದದ್ದು ಈ ಒಂದು ವಿಷಯದಲ್ಲಿ. ಮಿಕ್ಕಿದ್ದರಲ್ಲಿ ನಾನು ಬಾಯಿಬಡಕಿ, ಅವರು ಮೂಗ.

ಕಳೆದ ವರ್ಷ ಮಾವನ ಎಡಗಾಲಿನ ಮೀನಖಂಡ ನೋಯಲು ಶುರುವಾಯಿತು. ಸ್ವಲ್ಪ ದೂರ ನಡೆದರೆ ಹಿಡಿದುಕೊಳ್ಳುವುದು, ನಿಂತರೆ ಬಿಡುವುದು. ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷವಾಗಿತ್ತು. ಡಾಕ್ಟರ್ ಹರ್ಷವರ್ಧನ್ ಕಾಲಿನ ಸ್ಕ್ಯಾನ್ ನೋಡಿ, ರಕ್ತನಾಳ ಸಣ್ಣದಾಗಿದೆ, ಪಾದಕ್ಕೆ ರಕ್ತ ಸಾಲುತ್ತಿಲ್ಲ ಎಂದರು.

"ಎಷ್ಟು ದೂರ ನಡೆದ್ರೆ ನೋವು ಬರುತ್ತೆ ಯಜಮಾನ್ರೇ?"

"ಹದಿನೆಂಟು ಚೈನು ಸಾರ್," ಎಂದು ಮಾವ ತಟ್ಟನೆ ಹೇಳಿದರು.

ಡಾಕ್ಟರು ನನ್ನ ಮುಖ ನೋಡಿದರು. ನಾನು ಫೋನಿನಲ್ಲಿ ಲೆಕ್ಕ ಮಾಡಿ ನೂರ ಎಂಬತ್ತು ಮೀಟರ್ ಎಂದೆ. ಅವರಿಗೆ ನಗು ಬಂತು. ಆದರೂ ಬರೆದುಕೊಂಡರು. ಆಮೇಲೆ ಮಾಡಬೇಕಾದ್ದನ್ನು ಹೇಳಿದರು. ದಿನಾ ನಡೆಯಬೇಕು. ನೋವು ಬಂದರೆ ನಿಲ್ಲಬೇಕು, ಹೋದ ಮೇಲೆ ಮತ್ತೆ ನಡೆಯಬೇಕು. ಎಲ್ಲ ಸೇರಿ ದಿನಕ್ಕೆ ಎರಡು ಕಿಲೋಮೀಟರ್, ಅದಕ್ಕಿಂತ ಜಾಸ್ತಿ ಬೇಡ. ಹೀಗೆ ಮೂರು ತಿಂಗಳು ಮಾಡಿದರೆ ಪಕ್ಕದ ಸಣ್ಣ ನಾಳಗಳು ತೆರೆದುಕೊಳ್ಳಬಹುದು, ಆಪರೇಷನ್ ಇಲ್ಲದೆ ಕಾಲು ಉಳಿಯಬಹುದು. ದಿನಾ ಪಾದವನ್ನು ತಿರುಗಿಸಿ ನೋಡಿಕೊಳ್ಳಬೇಕು, ಸಣ್ಣ ಗುಳ್ಳೆ ಎದ್ದರೂ ಬರಬೇಕು. ಕೊನೆಗೆ, "ಅಂದಾಜು ಬೇಡ ಮೇಡಂ. ಕೈಗೆ ಕಟ್ಟೋ ಬ್ಯಾಂಡ್ ಬರುತ್ತಲ್ಲ, ಅದನ್ನ ಹಾಕಿ," ಅಂದರು.

ಅಂದಾಜು! ಆ ಮಾತು ಕೇಳಿ ಮಾವನ ಮುಖ ಸಣ್ಣದಾಯಿತು. ನಾನು ನೋಡಿದೆ. ನೋಡಿಯೂ ಚೀಟಿ ಮಡಚಿಕೊಂಡು ಎದ್ದೆ.

ಬ್ಯಾಂಡ್ ನಾನೇ ತರಿಸಿದೆ. ಕಪ್ಪು ಪಟ್ಟಿ, ಹೆಬ್ಬೆರಳಿನಷ್ಟು ಪರದೆ. ಮಾವನ ಹತ್ತಿರ ಇರುವುದು ಗುಂಡಿ ಒತ್ತುವ ಹಳೇ ಫೋನು, ಹಾಗಾಗಿ ಅದರ ಆ್ಯಪನ್ನು ನನ್ನ ಫೋನಿಗೇ ಹಾಕಿಕೊಂಡೆ. ಅವರು ವಾಕಿಂಗ್ ಮುಗಿಸಿ ಮನೆಗೆ ಬಂದ ಕೂಡಲೇ ಅಂಕಿ ನನ್ನ ಫೋನಿಗೆ ಬರುತ್ತಿತ್ತು. ಆ್ಯಪು ವಯಸ್ಸು, ತೂಕ, ಎತ್ತರ ಕೇಳಿತು. ಎತ್ತರದ ಮೇಲೆ ಹೆಜ್ಜೆಯ ಉದ್ದವನ್ನು ತಾನೇ ಲೆಕ್ಕ ಹಾಕಿಕೊಳ್ಳುತ್ತದಂತೆ. ಬೇಕಾದರೆ ಹೆಜ್ಜೆಯ ಉದ್ದವನ್ನು ನೀವೇ ಕೊಡಿ ಎಂದೂ ಒಂದು ಸಾಲು ಇತ್ತು. ಆ ವರ್ಷದ ಯುಗಾದಿಯಂದು ತಾನೇ ಮೊಳೆಯಿಂದ ಮೊಳೆಗೆ ನಡೆದು, "ಹದಿಮೂರು ಇದ್ದಿದ್ದು ಹದಿನಾರು ಹೆಜ್ಜೆ ಆಗೈತೆ, ಈಗ ಹೆಜ್ಜೆಗೊಂದಾಣೆ" ಎಂದು ಹೇಳಿದ್ದ ಮನುಷ್ಯ ನನ್ನೆದುರಿಗೇ ಕೂತಿದ್ದರು. ನಾನು ಆ ಸಾಲನ್ನು ಹಾಗೇ ಬಿಟ್ಟು ಮುಂದಕ್ಕೆ ಹೋದೆ.

ಬ್ಯಾಂಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಮಾವ ಕೇಳಿದರು, "ಇದನ್ನ ಯಾವ ಮೊಳೆಗೆ ಹಿಡಿದು ನೋಡವ್ರಮ್ಮ?"

"ಕಂಪನಿಯವ್ರೇ ನೋಡಿರ್ತಾರೆ ಬಿಡಿ ಮಾವ."

ನಮ್ಮ ಗೇಟಿನಿಂದ ಟೆಕ್ ಪಾರ್ಕಿನ ಗೋಡೆಯ ಮೂಲೆಯ ಆ ಕಲ್ಲಿಗೆ ಐವತ್ತು ಚೈನು. ಮಾವ ಅದನ್ನೇ ವಾಕಿಂಗ್ ದಾರಿ ಮಾಡಿಕೊಂಡರು. ಕಲ್ಲಿನ ಪಕ್ಕ ಯಮನೂರನ ಟೀ ಗಾಡಿ ಇದೆ, ಕಾಲು ಹಿಡಿದರೆ ಕೂರಲು ಅಲ್ಲೊಂದು ಕಲ್ಲುಬೆಂಚು. ಹೋಗಿ ಬಂದರೆ ನೂರು ಚೈನು, ಅಂದರೆ ಒಂದು ಕಿಲೋಮೀಟರ್. ಎರಡು ಸಲ ಹೋಗಿಬಂದರೆ ಡಾಕ್ಟರು ಹೇಳಿದ್ದು ಮುಗಿಯುತ್ತದೆ. ಮೊದಲ ದಿನ ನಿಂತು, ಕೂತು, ಮತ್ತೆ ಎದ್ದು, ಬೆವರು ಸುರಿಸಿಕೊಂಡು ಬಂದರು.

"ಇನ್ನೂರು ಚೈನು ಆಯ್ತಮ್ಮ."

ನಾನು ಫೋನು ನೋಡಿದೆ. ಎಂಟುನೂರ ನಲವತ್ತು ಮೀಟರ್ ಎಂದಿತ್ತು.

ಇಲ್ಲಿ ನನ್ನ ಪರವಾಗಿ ಒಂದು ಮಾತು ಹೇಳಿಕೊಳ್ಳುತ್ತೇನೆ. ಮಾವ ಬೇರೆಲ್ಲ ವಿಷಯದಲ್ಲಿ ಹರಿಶ್ಚಂದ್ರರೇ ಇರಬಹುದು, ಬಾಯಿಚಪಲದ ವಿಷಯದಲ್ಲಿ ಶುದ್ಧ ಕಳ್ಳ. ಸಕ್ಕರೆ ಇನ್ನೂರೈವತ್ತು ದಾಟಿದ್ದಾಗಲೂ ಅವರ ಅಂಗಿಯ ಜೇಬಿನಲ್ಲಿ ಜಿಲೇಬಿಯ ಪಾಕ ಹತ್ತಿದ ಕಾಗದ ಸಿಕ್ಕಿದೆ. ಕೇಳಿದರೆ ಯಾರೋ ಕೊಟ್ಟರು, ನಾನು ತಿನ್ನಲಿಲ್ಲ ಎಂದಿದ್ದಾರೆ. ಹಾಗಾಗಿ ಮೂರು ದಿನ ಸತತವಾಗಿ ಅವರು ಇನ್ನೂರು ಚೈನು ಅನ್ನುವುದು, ಫೋನು ಎಂಟುನೂರ ಚಿಲ್ಲರೆ ಅನ್ನುವುದು ನಡೆದಾಗ ನನ್ನ ತಲೆಗೆ ಹೊಳೆದದ್ದು ಒಂದೇ. ಇವರು ಎರಡನೇ ಸಲ ಹೋಗದೆ, ಯಮನೂರನ ಗಾಡಿಯಲ್ಲಿ ಕೂತು ಬಿಸ್ಕತ್ತು ತಿಂದು ಬರುತ್ತಿದ್ದಾರೆ.

ನಾಲ್ಕನೇ ದಿನ ನಾನು ಡ್ಯೂಟಿಗೆ ಹೊರಡುವ ಆತುರದಲ್ಲಿದ್ದೆ. ನನ್ನ ಗಂಡ ಭಾನುಪ್ರಕಾಶ್ ಟೆಕ್ ಪಾರ್ಕಿನ ಬಸ್ಸು ಓಡಿಸುವವರು, ಐದಕ್ಕೇ ಮನೆ ಬಿಟ್ಟಿದ್ದರು. ಮಾವ ಬಂದು ಜಗಲಿಯ ಮೇಲೆ ಕೂತು ಮತ್ತೆ ಇನ್ನೂರು ಎಂದರು. ನನಗೆ ರೇಗಿತು. ಫೋನನ್ನು ಅವರ ಮುಖಕ್ಕೆ ಹಿಡಿದೆ.

"ನೋಡಿ ಮಾವ. ಎಂಟುನೂರ ಮೂವತ್ತು. ಕಾಲು ನಿಮ್ದು, ಹೋದ್ರೆ ನಿಮಗೇ ಹೋಗೋದು. ನನಗ್ಯಾಕೆ ಸುಳ್ಳು ಹೇಳ್ತೀರಾ? ಮೆಷಿನ್ನಿಗೆ ಸುಳ್ಳು ಹೇಳಕ್ಕೆ ಬರಲ್ಲ."

ಅತ್ತೆ ಒಳಗಿನಿಂದ, "ಪದ್ಮಾ!" ಎಂದರು. ಅಷ್ಟೇ. ಮಾವ ಆ ಅಂಕಿಯನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಇನ್ನೊಮ್ಮೆ ನೋಡಿದರು. ನಾನು ಊಟದ ಡಬ್ಬಿ ಎತ್ತಿಕೊಂಡು ಹೊರಟೆ. ಕಾರ್ಖಾನೆಯಲ್ಲಿ ಎಂದಿನಂತೆ ಗೇಜನ್ನು ಮಾಸ್ಟರ್ ಪೀಸಿಗೆ ಹಿಡಿದು ನೋಡಿ, ಸಹಿ ಹಾಕಿ, ಕೆಲಸ ಶುರು ಮಾಡಿದೆ.

ಮಾರನೆಯ ದಿನದಿಂದ ಮಾವ ಚೈನಿನ ಮಾತು ಎತ್ತಲಿಲ್ಲ. ಆರು ಗಂಟೆಗೆ ಹೊರಡುತ್ತಿದ್ದವರು ಐದೂವರೆಗೆ ಹೊರಡತೊಡಗಿದರು. ವಾಪಸ್ಸು ಬರುವುದು ಏಳಾಯಿತು, ಏಳೂವರೆಯಾಯಿತು, ಎಂಟಾಯಿತು. ಬಂದು ಕೈ ಮುಂದೆ ಚಾಚಿ, "ಇವತ್ತೆಷ್ಟು ಬಂತಮ್ಮ?" ಎಂದು ಕೇಳುವರು. ಸಾವಿರದ ನೂರು, ಸಾವಿರದ ಐನೂರು, ಸಾವಿರದ ಎಂಟುನೂರು. ನಾನು ಹೇಳಿದ್ದಕ್ಕೆ ತಲೆಯಾಡಿಸುವರು. ಹತ್ತನೇ ದಿನವೋ ಹನ್ನೊಂದನೇ ದಿನವೋ ಎರಡು ಕಿಲೋಮೀಟರ್ ಮುಟ್ಟಿತು. ಫೋನಿನಲ್ಲಿ ಬಣ್ಣಬಣ್ಣದ ಪಟಾಕಿ ಸಿಡಿದು ಅಭಿನಂದನೆ ಬಂತು. ನಾನು ಅದರ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಎಲ್ಲರೂ ಹೆಬ್ಬೆರಳು ಒತ್ತಿದರು.

"ನೋಡಿದ್ರಾ ಮಾವ, ಮನಸ್ಸು ಮಾಡಿದ್ರೆ ಆಗುತ್ತೆ," ಅಂದೆ. ಅವರು ಸೋತ ಮುಖದಲ್ಲೇ ಒಂದಿಷ್ಟು ನಕ್ಕರು. ನನಗೂ ನನ್ನ ಬಗ್ಗೆ ಭಾರಿ ಹೆಮ್ಮೆಯಾಯಿತು, ಅದನ್ನು ಬಚ್ಚಿಟ್ಟು ಏನು ಪ್ರಯೋಜನ. ಬಯ್ದು ದಾರಿಗೆ ತಂದೆ ಅಂದುಕೊಂಡೆ. ಚಪ್ಪಲಿ ಸವೆದಿದೆ ಎಂದು ಕ್ಯಾನ್ವಾಸ್ ಬೂಟು ಕೊಡಿಸಿದೆ. ಕಾಲುಚೀಲ ಹಾಕಿ ಅಭ್ಯಾಸವಿಲ್ಲದ ಅವರು ಬರಿಗಾಲನ್ನೇ ಅದರೊಳಗೆ ತೂರಿಸಿಕೊಂಡು ಹೋಗುತ್ತಿದ್ದರು.

ನಾನು ದಿನಾ ಫೋನು ನೋಡಿದೆ. ಪಾದ ನೋಡಲಿಲ್ಲ.

ಒಂದು ಬೆಳಗ್ಗೆ ಮಾವ ಸ್ನಾನಕ್ಕೆ ಹೋದಾಗ ಬೆನ್ನುಜ್ಜಲು ಹೋದ ಅತ್ತೆ ಅಲ್ಲಿಂದಲೇ ಕೂಗಿದರು. "ಪದ್ಮಾ, ಇಲ್ಲಿ ಬಾರಮ್ಮ. ಇವ್ರ ಬೆಳ್ಳು ಕರ್ರಗಾಗೈತೆ." ಹೋಗಿ ನೋಡಿದರೆ ಎಡಗಾಲಿನ ಕಿರುಬೆರಳು, ಅದರ ಪಕ್ಕದ ಬೆರಳು ಎರಡೂ ಸುಟ್ಟ ಬದನೆಕಾಯಿಯ ಹಾಗಾಗಿದ್ದವು. ಬೂಟು ಕಚ್ಚಿ ಗುಳ್ಳೆ ಎದ್ದು ಹದಿನೈದು ದಿನವಾಗಿತ್ತಂತೆ. ಸಕ್ಕರೆ ಕಾಯಿಲೆಯಿಂದ ಸ್ಪರ್ಶವೇ ಹೋದ ಪಾದ, ನೋವು ತಿಳಿದಿಲ್ಲ. ಕಂಡ ಮೇಲೆ ಅರಿಸಿನ ಹಚ್ಚಿ, ಯಾರಿಗೂ ಹೇಳದೆ, ಮತ್ತೆ ಅದೇ ಬೂಟಿಗೆ ಕಾಲು ಹಾಕಿದ್ದಾರೆ.

"ಯಾಕೆ ಹೇಳ್ಲಿಲ್ಲ ಮಾವ?" ಎಂದು ಕೂಗಿದೆ.

"ನಿಂತ್ಬಿಟ್ರೆ ಎರಡು ಕಿಲೋಮೀಟ್ರು ಬರಲ್ವಲ್ಲಮ್ಮ," ಅಂದರು.

ಡಾಕ್ಟರು ಎರಡೂ ಬೆರಳು ತೆಗೆದರು. ಪಾದ ಉಳಿದದ್ದೇ ಪುಣ್ಯ ಎಂದರು. ಅವರ ಕೋಣೆಯಲ್ಲಿ ನಾನು ಫೋನು ತೆರೆದು ಒಂದೂವರೆ ತಿಂಗಳಿನ ಅಂಕಿಗಳನ್ನು ತೋರಿಸಿದೆ. ಒಂದು ದಿನವೂ ಎರಡು ಕಿಲೋಮೀಟರಿಗಿಂತ ಹೆಚ್ಚೇನೂ ಹೋಗಿರಲಿಲ್ಲ. ಅವರಿಗೆ ನಂಬಿಕೆ ಬರಲಿಲ್ಲ.

"ಇಷ್ಟು ನಡೆದಿದ್ದಕ್ಕೆ ಪಾದ ಈ ಸ್ಥಿತಿಗೆ ಬರಬಾರದಿತ್ತು ಮೇಡಂ. ಬೂಟಿನ ಅಡಿ ನೋಡಿ, ಹೊಸದು ಅಂತೀರಾ, ಪೂರ್ತಿ ಸವೆದಿದೆ. ಸರಿಯಾಗಿ ವಿಚಾರಿಸಿ."

ನಾನು ವಿಚಾರಿಸಲಿಲ್ಲ. ಯಾರನ್ನು ವಿಚಾರಿಸುವುದು? ಅಂಕಿ ಇದೆಯಲ್ಲ ಅನ್ನುವ ಮೊಂಡುತನ ಆಗಲೂ ನನ್ನನ್ನು ಬಿಟ್ಟಿರಲಿಲ್ಲ.

ಆಪರೇಷನ್ ಆದ ಮೂರನೇ ದಿನ ಮಧ್ಯಾಹ್ನ ನಾನು ಊಟ ತೆಗೆದುಕೊಂಡು ವಾರ್ಡಿಗೆ ಹೋದೆ. ಸೆಖೆ. ಮೇಲಿನ ಫ್ಯಾನು ನೆಪಕ್ಕೆ ತಿರುಗುತ್ತಿತ್ತು. ಮಾವ ಎಡಗಾಲನ್ನು ದಿಂಬಿನ ಮೇಲೆ ಇಟ್ಟುಕೊಂಡು, ಎಕ್ಸ್‌ರೇ ಕವರಿನಿಂದ ಗಾಳಿ ಬೀಸಿಕೊಳ್ಳುತ್ತಾ ಮಲಗಿದ್ದರು. ಬೀಸುತ್ತಿದ್ದ ಕೈಯಲ್ಲಿ ಆ ಬ್ಯಾಂಡ್ ಇತ್ತು. ಆಪರೇಷನ್ನಿಗೆ ಮೊದಲು ನರ್ಸು ಬಿಚ್ಚಿ ಕೊಟ್ಟಿದ್ದನ್ನು ಅತ್ತೆ ಮತ್ತೆ ಕಟ್ಟಿದ್ದರು.

"ಬಿಚ್ಚಿದ್ರೆ ನೀನು ಬಯ್ತೀಯೇನೋ ಅಂತ," ಎಂದರು ಅತ್ತೆ.

ಅನ್ನ ಕಲಸುತ್ತಿದ್ದಾಗ ನನ್ನ ಫೋನು ಸದ್ದು ಮಾಡಿತು. ತೆಗೆದು ನೋಡಿದೆ. ಇವತ್ತು ಆರುನೂರ ಹತ್ತು ಮೀಟರ್ ನಡೆದಿದ್ದೀರಿ, ಹೀಗೇ ಮುಂದುವರಿಯಿರಿ ಎಂದಿತ್ತು.

ಮೂರು ದಿನದಿಂದ ಮಂಚ ಬಿಟ್ಟು ಇಳಿಯದ ಮನುಷ್ಯ. ಕೈಯಲ್ಲಿದ್ದ ಅನ್ನ ಕೈಯಲ್ಲೇ ಉಳಿಯಿತು. ಮಾವ ಬೀಸುವುದು ನಿಲ್ಲಿಸಿದರೆ ಅಂಕಿಯೂ ನಿಲ್ಲುತ್ತಿತ್ತು. ಬೀಸಿದರೆ ಏರುತ್ತಿತ್ತು. ಆ ದರಿದ್ರ ಪಟ್ಟಿ ಕಾಲನ್ನು ನೋಡುತ್ತಲೇ ಇರಲಿಲ್ಲ. ಅದು ಎಣಿಸುತ್ತಿದ್ದದ್ದು ಕೈಯ ಬೀಸನ್ನು. ನನ್ನ ಮಾವನ ಕೈ ನಡೆಯುವಾಗ ಎಲ್ಲಿರುತ್ತದೆ ಎಂದು ಊರಿಗೆಲ್ಲ ಗೊತ್ತು.

ಭಾನುವಾರ ಬೆಳಗ್ಗೆ ನಾನು ಕಾರ್ಖಾನೆಯಿಂದ ಮೂವತ್ತು ಮೀಟರಿನ ಟೇಪು ತಂದು ಗೇಟಿನ ಹತ್ತಿರ ನಿಂತೆ. ಇನ್ನೊಂದು ತುದಿ ಹಿಡಿಯಲು ಯಮನೂರನನ್ನು ಕರೆದೆ. ಅವನು ಯಾದಗಿರಿ ಕಡೆಯವನು, ಗಾಡಿಯನ್ನು ಹೆಂಡತಿಗೆ ಬಿಟ್ಟು ಬಂದ.

"ಅಜ್ಜಾರು ಹೆಂಗದಾರ್ರಿ ಅಕ್ಕಾರ? ದಿನಾ ಐದು ಸಲ ಕಲ್ಲಿನ ತನಕ ಬರ್ತಿದ್ರು. ಸಾಕು ಕೂಡ್ರಿ ಅಂದ್ರ, ಇನ್ನೂ ನಮ್ಮ ಸೊಸಿ ಲೆಕ್ಕ ಮುಗದಿಲ್ಲಪಾ ಅಂತಿದ್ರು."

ಐದು ಸಲ ಅಂದರೆ ಐನೂರು ಚೈನು. ಐದು ಕಿಲೋಮೀಟರ್. ನಾನು ಅವನಿಗೆ ಬೆನ್ನು ಹಾಕಿ ಟೇಪು ಎಳೆದೆ.

ಗೇಟಿನಿಂದ ಕಲ್ಲಿಗೆ ಟೇಪಿನಲ್ಲಿ ಐನೂರ ನಾಲ್ಕು ಮೀಟರ್ ಬಂತು. ಐವತ್ತು ಚೈನು ಅಂದರೆ ಐನೂರ ಮೂರು. ಹೆಜ್ಜೆಯಲ್ಲಿ ಎಣಿಸಿದವರು ಹೇಳಿದ ಲೆಕ್ಕಕ್ಕೂ ಉಕ್ಕಿನ ಟೇಪಿಗೂ ಒಂದು ಮೀಟರಿನ ವ್ಯತ್ಯಾಸ. ಆಮೇಲೆ ಬ್ಯಾಂಡನ್ನು ನಾನೇ ಕಟ್ಟಿಕೊಂಡು ನಡೆದೆ. ಕೈ ಬೀಸಿಕೊಂಡು ನಡೆದರೆ ಐನೂರ ಇಪ್ಪತ್ತು ತೋರಿಸಿತು. ವಾಪಸ್ಸು ಬರುವಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಇನ್ನೂರ ಹತ್ತು. ಮತ್ತೊಮ್ಮೆ ಹೋದೆ, ಇನ್ನೂರ ಐದು. ಬ್ಯಾಂಡನ್ನು ಕೈಯಿಂದ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈ ಹಿಂದೆಯೇ ಇಟ್ಟು ನಡೆದೆ. ಐನೂರ ಹದಿನೈದು. ಸೊಂಟಕ್ಕೆ ಸಿಕ್ಕಿಸಿದ್ದರೆ ಸಾಕಿತ್ತು. ಮೊದಲ ದಿನವೇ ಒಂದು ಸಲ ಈ ಕಲ್ಲಿನ ತನಕ ಜೊತೆಗೆ ನಡೆದು ನೋಡಿದ್ದರೆ ಸಾಕಿತ್ತು. ಗೇಜು ನೋಡದೆ ಪೀಸು ಅಳೆಯುವ ಹುಡುಗಿಯರನ್ನು ಎಲ್ಲರೆದುರು ಅಳಿಸಿದವಳು ನಾನು. ಒಳ್ಳೆಯ ಪೀಸನ್ನು ಒಂದೂವರೆ ತಿಂಗಳು ಕೆಂಪು ಟ್ರೇಗೆ ಹಾಕಿದೆ. ಆ ಕಲ್ಲಿನ ಪಕ್ಕದ ಬೆಂಚಿನ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ಯಮನೂರ ಟೀ ತಂದಿಟ್ಟು ಗಾಡಿಗೆ ಹೋದ.

ಮಾವನಿಗೆ ಅವತ್ತೇ ಹೇಳಿದೆ. ಟೇಪಿನ ಅಂಕಿ, ಬ್ಯಾಂಡಿನ ಅಂಕಿ, ಎಲ್ಲ ಹೇಳಿದೆ. ತಪ್ಪಾಯ್ತು ಎಂದೆ. ಅವರು ಕೋಪ ಮಾಡಿಕೊಂಡು ಬಯ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಬಿಡಮ್ಮ," ಅಂದರು. ಕಾಲನ್ನು ನೋಡಿಕೊಳ್ಳುತ್ತಾ, "ನಂಗೂ ಅನ್ನಿಸ್ತಿತ್ತು, ಇದೇನು ಇಂಗೆ ತೋರುಸ್ತದೆ ಅಂತ. ಆದ್ರೆ ನೀನು ಅಳತೆ ಕೆಲ್ಸದೋಳು. ನೀನೇ ಅಂದ್ಮೇಲೆ ಸರಿ ಇರ್ಬೇಕು, ವಯಸ್ಸಾಯ್ತಲ್ಲ, ನನ್ ಎಣಿಕೇನೇ ಕೆಟ್ಟೋಯ್ತು ಅಂದ್ಕೊಂಡೆ," ಎಂದರು.

"ನಿಮ್ಮ ಎಣಿಕೆ ಕೆಟ್ಟಿಲ್ಲ ಮಾವ. ಅರ್ಧ ಕಿಲೋಮೀಟ್ರಿಗೆ ಒಂದೇ ಮೀಟರು ಆಚೀಚೆ."

"ಹೂಂ," ಅಂದರು. ಕಣ್ಣು ಮುಚ್ಚಿಕೊಂಡರು.

ಗಾಯ ಮಾಗಲು ಎರಡು ತಿಂಗಳು ಹಿಡಿಯಿತು. ಬ್ಯಾಂಡು ಬೀರುವಿನ ಡ್ರಾಯರಿನಲ್ಲಿದೆ. ಈಗ ದಿನಾ ರಾತ್ರಿ ಊಟಕ್ಕೆ ಮೊದಲು ಅವರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳ ಸಂದಿಯನ್ನೆಲ್ಲ ನೋಡುತ್ತೇನೆ. ಸೊಸೆ ಕಾಲು ಮುಟ್ಟುವುದಕ್ಕೆ ಅವರು ಮೊದಮೊದಲು ಸಂಕೋಚಪಟ್ಟರು, ಈಗ ಸುಮ್ಮನಿರುತ್ತಾರೆ. ಮೆತ್ತನೆಯ ಅಡಿಯಿರುವ ಚಪ್ಪಲಿ ಮಾಡಿಸಿದ್ದೇವೆ. ಅತ್ತೆಯ ಭುಜ ಹಿಡಿದು ಅಂಗಳದಲ್ಲಿ, ಆಮೇಲೆ ಬೀದಿಯಲ್ಲಿ, ನಿಧಾನವಾಗಿ ನಡೆಯತೊಡಗಿದರು. ಎರಡು ಬೆರಳು ಹೋದ ಮೇಲೆ ಹೆಜ್ಜೆ ಓರೆಯಾಗಿದೆ, ಇನ್ನೂ ಸಣ್ಣದಾಗಿದೆ.

"ಮಾವ, ಮೊಳೆಯಿಂದ ಮೊಳೆಗೆ ಒಂದ್ಸಲ ನಡೆದು ನೋಡಿ, ಈಗ ಎಷ್ಟು ಹೆಜ್ಜೆ ಆಗುತ್ತೆ ಅಂತ," ಎಂದು ಎರಡು ಮೂರು ಸಲ ಹೇಳಿದೆ.

"ನೋಡೋಣ ತಗೋ," ಅನ್ನುವರು. ಆ ಕಡೆ ಹೋಗುವುದಿಲ್ಲ. ನಡೆಯುವಾಗ ಒಂದು ಕೈ ಅತ್ತೆಯ ಭುಜದ ಮೇಲೆ, ಇನ್ನೊಂದು ಪಕ್ಕದಲ್ಲಿ ಸುಮ್ಮನೆ ಇಳಿಬಿದ್ದಿರುತ್ತದೆ. ನಾನು ಹಿಂದೆ ನಡೆಯುತ್ತಾ ಆ ಬೆರಳುಗಳನ್ನೇ ನೋಡುತ್ತೇನೆ. ಹೆಬ್ಬೆರಳು ಅಲ್ಲಾಡುವುದಿಲ್ಲ.

ಹೋದ ವಾರ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಇನ್ನೊಂದು ಕಾಲಿನಲ್ಲೂ ರಕ್ತದ ಓಟ ಕಡಿಮೆಯಿದೆ ಎಂದರು. ಮತ್ತೆ ನಡಿಗೆ ಶುರು ಮಾಡಬೇಕು, ಆದರೆ ಈ ಸಲ ಬಹಳ ಹುಷಾರಾಗಿ. ಎಲ್ಲಿಂದ ಶುರು ಮಾಡುವುದು ಎಂದು ನಿರ್ಧರಿಸಲು ಒಂದು ವಿಷಯ ಗೊತ್ತಾಗಬೇಕಿತ್ತು. ಅವರು ಹಳೆಯ ಚೀಟಿ ತೆಗೆದು ನೂರ ಎಂಬತ್ತು ಮೀಟರ್ ಎಂದು ಬರೆದಿದ್ದ ಸಾಲಿನ ಕೆಳಗೆ ಪೆನ್ನು ಇಟ್ಟರು.

"ಈಗ ಎಷ್ಟು ದೂರ ನಡೆದ್ರೆ ನೋವು ಬರುತ್ತೆ ಯಜಮಾನ್ರೇ?"

ಮಾವ ನನ್ನ ಕಡೆ ತಿರುಗಿದರು.

"ಅವಳ ಫೋನಾಗೆ ಇರ್ತದೆ ನೋಡಿ ಸಾರ್."

"ಫೋನಿನಲ್ಲಿ ಏನೂ ಇಲ್ಲ ಮಾವ," ಅಂದೆ. "ನೀವೇ ಹೇಳಿ. ಎಷ್ಟು ಚೈನು?"

ಅವರ ಬಲಗೈ ತೊಡೆಯ ಮೇಲಿತ್ತು. ಹೆಬ್ಬೆರಳು ತೋರುಬೆರಳಿನ ಮೊದಲ ಗೆಣ್ಣಿಗೆ ಹೋಯಿತು, ಅಲ್ಲೇ ನಿಂತಿತು.

"ಗೊತ್ತಿಲ್ಲ ಸಾರ್," ಅಂದರು ಮಾವ. "ನಾನು ಎಣಿಸ್ಲಿಲ್ಲ."

ಡಾಕ್ಟರು ಆ ಜಾಗವನ್ನು ಖಾಲಿ ಬಿಟ್ಟು ಮುಂದಿನ ಪ್ರಶ್ನೆಗೆ ಹೋದರು.